ನೂಲಿನಂಗಡಿಯ ಪತ್ರಕರ್ತೆ: ಮಿನ್ನಾ ಕಾಂಟ್

(ಮಾರ್ಚ್ ತಿಂಗಳಲ್ಲಿ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲಿರುವ ಹೆಸರು ನಿಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರಲಾರದು: ಮಿನ್ನಾ ಕಾಂಟ್. ಜರ್ಮನಿಯ ತತ್ತ್ವಜ್ಞಾನಿ ಕಾಂಟ್‌ಗೆ ನಂಟರೇನಲ್ಲ, ಇವರು ಫಿನ್ಲೆಂಡಿನವರು. ಹತ್ತೊಂಬತ್ತನೇ ಶತಮಾನದ ನಾಟಕಕಾರ್ತಿ, ಕತೆಗಾರ್ತಿ. ಫಿನ್ನಿಷ್ ಭಾಷೆಯ ಪತ್ರಿಕೆಗಳಲ್ಲಿ ಕೆಲಸ ಮಾಡಿದ ಮೊದಲ ಹೆಣ್ಣುಮಗಳು ಎಂದು ಅಲ್ಲಿಯವರು ನೆನೆಯುತ್ತಾರೆ. ಇದರ ಜೊತೆಗೆ, ಬದುಕಿನ ಕೊನೆಯ 17 ವರ್ಷ ಅವರು ನೂಲು, ಬಟ್ಟೆ ಮಾರುವ ಅಂಗಡಿ ನಡೆಸುತ್ತಿದ್ದರು. ಏಳು ಮಕ್ಕಳ ತಾಯಿ, ಅಂಗಡಿಯ ಯಜಮಾನಿ, ದೇಶವನ್ನೇ ಕೆಣಕಿದ ನಾಟಕಗಳ ಕರ್ತೃ.

ಸಾಹಿತಿಯ ಬದುಕನ್ನು ಹೇಳುವಾಗ ಅಂಗಡಿಯ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿ ಕೃತಿಗಳ ಕಡೆ ಹೊರಳುವುದು ರೂಢಿ. ‘ಜೀವನೋಪಾಯಕ್ಕೆ ವ್ಯಾಪಾರ ಮಾಡುತ್ತಿದ್ದರು’ ಅಂದರೆ ಆಯಿತು. ನಾನು ಅದನ್ನು ತಿರುಗಿಸಿ ಹೇಳಲು ಬಂದಿದ್ದೇನೆ. ಅಂಗಡಿ ಇಲ್ಲದಿದ್ದರೆ ಈ ಲೇಖಕಿ ಇರುತ್ತಿರಲಿಲ್ಲ. ಹೆಣ್ಣಿನ ಹಕ್ಕಿನ ಬಗ್ಗೆ ಅವರು ಬರೆದದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ದುಡ್ಡು ಯಾರ ಕೈಯಲ್ಲಿದೆ?

ಮೊದಲು ಊರು, ಕಾಲ. ಮಿನ್ನಾ ಹುಟ್ಟಿದ್ದು 1844ರ ಮಾರ್ಚ್ 19ರಂದು, ತಾಂಪೆರೆ ಎಂಬ ಗಿರಣಿ ಊರಿನಲ್ಲಿ. ಉಲ್ರಿಕಾ ವಿಲ್ಹೆಲ್ಮಿನಾ ಜಾನ್ಸನ್ ಎಂಬುದು ಹುಟ್ಟುಹೆಸರು. ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಫಿನ್ಲೇಸನ್ ಎಂಬಾತ 1820ರಲ್ಲಿ ಅಲ್ಲಿ ಒಂದು ಕಾರ್ಖಾನೆ ಶುರುಮಾಡಿದ್ದ. ಅದು ಬೆಳೆದು ದೊಡ್ಡ ಹತ್ತಿ ಗಿರಣಿಯಾಯಿತು. ಮಿನ್ನಾರ ತಂದೆ ಅದೇ ಗಿರಣಿಯ ಕೆಲಸಗಾರ, ತಾಯಿ ಮನೆಗೆಲಸ ಮಾಡಿಕೊಂಡಿದ್ದವರು. 1853ರಲ್ಲಿ ಕಂಪನಿ ತಂದೆಯನ್ನು ಕುವೊಪಿಯೊ ಎಂಬ ಪಟ್ಟಣಕ್ಕೆ ಕಳಿಸಿ, ಅಲ್ಲಿದ್ದ ತನ್ನ ನೂಲಿನ ಅಂಗಡಿಯನ್ನು ಅವರ ಕೈಗೆ ಕೊಟ್ಟಿತು. ಕೂಲಿಯವರ ಸಾಲಿನಿಂದ ವ್ಯಾಪಾರಸ್ಥರ ಸಾಲಿಗೆ ಏರಿದ ಮನೆ. ಮಗಳಿಗೆ ಶಾಲೆ ಸಿಕ್ಕಿತು.

ಆಗಿನ ಫಿನ್ಲೆಂಡ್ ಸ್ವತಂತ್ರ ದೇಶವಲ್ಲ. 1809ರವರೆಗೆ ಸ್ವೀಡನ್ನಿನ ಆಳ್ವಿಕೆ, ಆಮೇಲೆ ರಷ್ಯಾದ ಜಾರ್ ದೊರೆಯ ಅಧೀನ. ಆದರೆ ಆಡಳಿತ, ಕೋರ್ಟು, ವಿಶ್ವವಿದ್ಯಾಲಯ ಎಲ್ಲ ಸ್ವೀಡಿಷ್ ಭಾಷೆಯಲ್ಲೇ ನಡೆಯುತ್ತಿತ್ತು. ಫಿನ್ನಿಷ್ ಎಂದರೆ ಹೊಲದಲ್ಲಿ, ಅಡುಗೆಮನೆಯಲ್ಲಿ ಆಡುವ ಭಾಷೆ. 1863ರಲ್ಲಿ ಎರಡನೇ ಅಲೆಕ್ಸಾಂಡರ್, ಇನ್ನು 20 ವರ್ಷದೊಳಗೆ ಫಿನ್ನಿಷ್‌ಗೂ ಕಚೇರಿಗಳಲ್ಲಿ ಸಮಾನ ಸ್ಥಾನ ಸಿಗಬೇಕು ಎಂದು ಆಜ್ಞೆ ಹೊರಡಿಸಿದ. ಈ ಕತೆಯ ರುಚಿ ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ!

ಅದೇ 1863ರಲ್ಲಿ ಯುವಾಸ್ಕುಲಾ ಎಂಬ ಊರಿನಲ್ಲಿ ಫಿನ್ನಿಷ್ ಮಾಧ್ಯಮದ ಶಿಕ್ಷಕರ ತರಬೇತಿ ಶಾಲೆ ತೆರೆಯಿತು. ಹುಡುಗಿಯರಿಗೂ ಪ್ರವೇಶವಿತ್ತು. ಮಿನ್ನಾ ಮೊದಲ ತಂಡದಲ್ಲೇ ಸೇರಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯೇ ವಿಜ್ಞಾನ ಕಲಿಸುತ್ತಿದ್ದ ಯೋಹಾನ್ ಫರ್ಡಿನಾಂಡ್ ಕಾಂಟ್ ಅವರೊಂದಿಗೆ ಮದುವೆ. ಓದು ಅಲ್ಲಿಗೆ ನಿಂತಿತು. ನಂತರ ಹೊಲಿಗೆ, ಅಡುಗೆ, ಬಸಿರು, ಬಾಣಂತನ. 1867-68ರ ಭೀಕರ ಬರಗಾಲವನ್ನೂ ಅವರು ಕಂಡದ್ದು ಎಳೆಯ ಗೃಹಿಣಿಯಾಗಿ. ಆ ಬರದಲ್ಲಿ ದೇಶದ ಜನಸಂಖ್ಯೆಯ ಸುಮಾರು ಶೇಕಡಾ 8ರಷ್ಟು ಜನ ಹಸಿವೆ, ಜ್ವರಗಳಿಗೆ ಬಲಿಯಾದರು.

1874ರಲ್ಲಿ ಗಂಡನಿಗೆ ‘ಕೆಸ್ಕಿ-ಸುವೋಮಿ’ ಎಂಬ ಸ್ಥಳೀಯ ಪತ್ರಿಕೆಯ ಸಂಪಾದಕತ್ವ ಸಿಕ್ಕಿತು. ಹೆಸರು ಗಂಡನದು, ಕೆಲಸದಲ್ಲಿ ದೊಡ್ಡ ಪಾಲು ಹೆಂಡತಿಯದು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಬರೆದರು, ಕುಡಿತದ ವಿರುದ್ಧ ಬರೆದರು. ಸಾರಾಯಿಯ ವಿಷಯ ಮುಟ್ಟಿದ್ದೇ ತಪ್ಪಾಯಿತು. ಜನ ತಿನ್ನುವ ಧಾನ್ಯ ಭಟ್ಟಿಗೆ ಹೋಗುವುದರ ಬಗ್ಗೆ ಬರೆದರೆ ಭಟ್ಟಿಯಿಂದ ದುಡ್ಡು ಮಾಡುವವರಿಗೆ ನೋಯದೆ ಇರುತ್ತದೆಯೇ? ಬರ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. 1876ರಲ್ಲಿ ದಂಪತಿ ಪತ್ರಿಕೆಯನ್ನು ಬಿಡಬೇಕಾಯಿತು.

ಇಲ್ಲೊಂದು ಕ್ಷಣ ನಿಲ್ಲೋಣ. ಬರೆದದ್ದು ಹೆಂಡತಿ, ಹುದ್ದೆ ಹೋದದ್ದು ಗಂಡನದು. ಬರಹಕ್ಕೆ ಹೊಣೆಯಾಗುವ ಹಕ್ಕು ಕೂಡ ಅವರಿಗಿರಲಿಲ್ಲ. ಮುಂದೆ ‘ಪಾಯ್ಯಾನ್ನೆ’ ಎಂಬ ಇನ್ನೊಂದು ಪತ್ರಿಕೆಗೆ ಬರೆಯತೊಡಗಿದರು. 1878ರಲ್ಲಿ ಮೊದಲ ಕತೆಗಳ ಸಂಕಲನ ಬಂತು, ‘ವಿಲ್ಯಾ’ ಎಂಬ ಗುಪ್ತನಾಮದಲ್ಲಿ.

1879ರ ಬೇಸಿಗೆಯಲ್ಲಿ ಗಂಡ ತೀರಿಕೊಂಡರು. ಮಿನ್ನಾರಿಗೆ ಆಗ 35 ವರ್ಷ, ಆರು ಮಕ್ಕಳು, ಹೊಟ್ಟೆಯಲ್ಲಿ ಏಳನೆಯದು. ಆ ಹೆರಿಗೆಯ ಆಸುಪಾಸಿನಲ್ಲಿ ಬುದ್ಧಿಭ್ರಮಣೆಯ ಅಂಚಿಗೆ ಹೋಗಿಬಂದದ್ದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಬಾಣಂತಿಯ ಮನಸ್ಸಿಗೆ ಏನಾಗಬಹುದು ಎಂಬುದನ್ನು ಆ ಕಾಲದಲ್ಲಿ ಬಾಯಿಬಿಟ್ಟು ಹೇಳಿದವರು ಎಷ್ಟು ಮಂದಿ?

ಆದರೆ ಆ ಸಾವು ಕಾನೂನಿನ ಕಣ್ಣಿನಲ್ಲಿ ಏನು ಮಾಡಿತು ನೋಡಿ. ಅಲ್ಲಿ ಆಗಿನ್ನೂ 1734ರ ಸ್ವೀಡಿಷ್ ಕಾನೂನು ಚಾಲ್ತಿಯಲ್ಲಿತ್ತು. ಅದರ ಪ್ರಕಾರ ಮದುವೆಯಾದ ಹೆಂಗಸು ಗಂಡನ ಪಾಲನೆಗೆ ಒಳಪಟ್ಟವಳು. ಗಂಡನೇ ಅವಳ ಪಾಲಕ. ಆಸ್ತಿಯ ವ್ಯವಹಾರ ಅವನದು, ಕೋರ್ಟಿನಲ್ಲಿ ಅವಳ ಪರವಾಗಿ ನಿಲ್ಲುವವನೂ ಅವನೇ. ಮದುವೆಯಾಗದ ಹೆಣ್ಣಿಗೆ 25 ತುಂಬಿದರೆ ಸ್ವತಂತ್ರ ವ್ಯಕ್ತಿಯೆಂಬ ಮಾನ್ಯತೆ 1864ರಲ್ಲಿ ಸಿಕ್ಕಿತ್ತು. ವಿಧವೆಗೆ ಅದು ಮೊದಲಿನಿಂದಲೂ ಇತ್ತು. ನಡುವೆ ಸಿಕ್ಕಿಕೊಂಡವಳು ಮುತ್ತೈದೆ! ತನ್ನ ಹೆಸರಿನಲ್ಲಿ ಸಾಲ ಮಾಡುವುದು, ಸಾಲ ತೀರಿಸುವುದು, ಅಂಗಡಿ ನಡೆಸುವುದು, ಕರಾರಿಗೆ ಸಹಿ ಹಾಕುವುದು, ಇದೆಲ್ಲ ಮಿನ್ನಾರಿಗೆ ಸಾಧ್ಯವಾದದ್ದು ಗಂಡ ಸತ್ತ ಮೇಲೆ. ಕೇಳಲು ಕ್ರೂರವಾಗಿದೆ, ಆದರೆ ಕಾನೂನು ಹಾಗಿತ್ತು. ಗಂಡನೇನೂ ಕೆಟ್ಟವರಲ್ಲ, ಆ ಮಾತು ಬೇರೆ.

1880ರಲ್ಲಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಕುವೊಪಿಯೊಗೆ ವಾಪಸ್ ಬಂದರು. ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು, ನೂಲಿನಂಗಡಿ ಕುಂಟುತ್ತಿತ್ತು. ಅದನ್ನು ಕೈಗೆತ್ತಿಕೊಂಡು ಸಾಲಸೋಲ ತೀರಿಸಿ ದಡ ಹತ್ತಿಸಿದರು. ಮಿನ್ನಾ ಒಳ್ಳೆಯ ವ್ಯಾಪಾರಸ್ಥೆ. ಸಾಹಿತಿಗಳಿಗೆ ದುಡ್ಡಿನ ಲೆಕ್ಕ ಬಾರದು ಎಂಬ ನಮ್ಮ ಮುದ್ದಾದ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ.

ನೂಲಿನ ಅಂಗಡಿಗೆ ಯಾರು ಬರುತ್ತಾರೆ ಹೇಳಿ? ಹೆಂಗಸರು. ಮಗ್ಗವಿರುವ ಹಳ್ಳಿಯ ಹೆಂಗಸರು, ನೇಯ್ದು ಮಾರಿ ನಾಲ್ಕು ಕಾಸು ಕಾಣುವವರು, ಉದ್ರಿ ಕೇಳುವವರು. ಕೌಂಟರಿನ ಆಚೆ ನಿಂತವಳ ಕೈಯಲ್ಲಿರುವ ನಾಣ್ಯ ಅವಳದ್ದೋ ಗಂಡನದ್ದೋ ಎಂಬುದು ಅಂಗಡಿಯವರಿಗೆ ಗೊತ್ತಾದಷ್ಟು ಪಾದ್ರಿಗೂ ಗೊತ್ತಾಗುವುದಿಲ್ಲ, ವಕೀಲನಿಗೂ ಗೊತ್ತಾಗುವುದಿಲ್ಲ. ಕಿರ್ದಿ ಬರೆಯುವವರ ಮುಂದೆ ಸಂಸಾರಗಳ ಗುಟ್ಟು ತಾನಾಗಿ ತೆರೆದುಕೊಳ್ಳುತ್ತದೆ. ಅವರ ಮುಂದಿನ ನಾಟಕಗಳಲ್ಲಿ ಹಣದ ವಿವರ ಅಷ್ಟು ಖಚಿತವಾಗಿರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ.

ಮನೆಯ ಹಜಾರ ಇನ್ನೊಂದು ಲೋಕ. ಅಂಗಡಿಯ ಗಳಿಕೆಯಲ್ಲಿ ಪುಸ್ತಕ, ಪತ್ರಿಕೆಗಳನ್ನು ತರಿಸಿಕೊಳ್ಳುತ್ತಿದ್ದರು. ಡೆನ್ಮಾರ್ಕಿನ ವಿಮರ್ಶಕ ಬ್ರಾಂಡೆಸ್, ಇಂಗ್ಲೆಂಡಿನ ಚಿಂತಕರಾದ ಮಿಲ್, ಸ್ಪೆನ್ಸರ್, ನಾರ್ವೆಯ ನಾಟಕಕಾರ ಇಬ್ಸೆನ್, ಎಲ್ಲರೂ ಆ ಸಣ್ಣ ಪಟ್ಟಣಕ್ಕೆ ಬಂದಿಳಿದರು. ಸಂಜೆಯಾದರೆ ಓದುವ ಹುಡುಗರು, ಹುಡುಗಿಯರು ಸೇರುತ್ತಿದ್ದರು. ಮುಂದೆ ಫಿನ್ನಿಷ್ ಗದ್ಯದ ದೊಡ್ಡ ಹೆಸರಾದ ಯೂಹಾನಿ ಆಹೊ ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು. ಪ್ರಾಂತದ ಗವರ್ನರ್ ಆಗಿದ್ದ ಯಾರ್ನೆಫೆಲ್ಟ್ ಅವರ ಮನೆಯವರೂ ಈ ಬಳಗಕ್ಕೆ ಹತ್ತಿರದವರು. ಸಂಗೀತಕಾರ ಸಿಬೆಲಿಯಸ್ ಅವರ ಹೆಂಡತಿ ಐನೊ ಆ ಮನೆತನದ ಮಗಳು.

1880ರ ದಶಕದ ನಡುವಿನಲ್ಲಿ ಕುವೊಪಿಯೊದ ಬಿಷಪ್ ಗುಸ್ತಾವ್ ಯೋಹಾನ್ಸನ್, ಪಾದ್ರಿಗಳ ಸಭೆಯಲ್ಲಿ ಸ್ತ್ರೀ ವಿಮೋಚನೆಯ ಮಾತು ದೇವರ ಕಟ್ಟಳೆಗೆ ವಿರುದ್ಧ ಎಂದು ಗುಡುಗಿದರು. ಅದೇ ಊರಿನ ನೂಲಿನಂಗಡಿಯ ವಿಧವೆ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಧರ್ಮವನ್ನು ಬಿಟ್ಟು ಹೊರಗೆ ನಿಂತು ಕೊಟ್ಟ ಉತ್ತರವಲ್ಲ ಅದು. ಕ್ರಿಸ್ತ ಹೇಳಿದ್ದು ಬೇರೆ, ಚರ್ಚು ಹೇಳುತ್ತಿರುವುದು ಬೇರೆ ಎಂದು ಧರ್ಮಗ್ರಂಥವನ್ನೇ ಹಿಡಿದು ವಾದಿಸಿದರು. ಈಗ ಗುಪ್ತನಾಮ ಬೇಕಾಗಿರಲಿಲ್ಲ, ಕೆಲಸದಿಂದ ತೆಗೆಯಲು ಮಾಲೀಕನೂ ಇರಲಿಲ್ಲ. ಯುವಾಸ್ಕುಲಾದಲ್ಲಿ ಬಾಯಿ ಮುಚ್ಚಿಸಿದ ಹಾಗೆ ಕುವೊಪಿಯೊದಲ್ಲಿ ಮುಚ್ಚಿಸಲು ಆಗಲಿಲ್ಲ. ಏಕೆಂದರೆ ಇಲ್ಲಿ ಅವರ ಅನ್ನ ಬೇರೆಯವರ ಕೈಯಲ್ಲಿರಲಿಲ್ಲ. ವೇಶ್ಯಾವಾಟಿಕೆಯ ವಿಷಯದಲ್ಲಿ ಗಂಡಿಗೊಂದು ನೀತಿ, ಹೆಣ್ಣಿಗೊಂದು ನೀತಿ ಇರುವುದನ್ನು ಬರೆದರು. ಹುಡುಗ ಹುಡುಗಿಯರು ಒಂದೇ ತರಗತಿಯಲ್ಲಿ ಕೂತು ಓದಬೇಕು ಎಂದು ಬರೆದರು.

ಈಗ ನಾಟಕಕ್ಕೆ ಬರುತ್ತೇನೆ. ಮೊದಲ ನಾಟಕ ‘ಕನ್ನಗಳ್ಳತನ’ 1882ರಲ್ಲಿ ರಂಗಕ್ಕೆ ಬಂದು ಜನಪ್ರಿಯವಾಯಿತು. ಹಳ್ಳಿಯ ಹಾಡು-ಹಸೆಯ ನಾಟಕ, ಯಾರಿಗೂ ನೋವಾಗಲಿಲ್ಲ. ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ಮೂರನೆಯದರ ಬಗ್ಗೆ: ‘ಕೂಲಿಯವನ ಹೆಂಡತಿ’. 1885ರ ಜನವರಿ 28ರಂದು ಹೆಲ್ಸಿಂಕಿಯಲ್ಲಿ ಮೊದಲ ಪ್ರದರ್ಶನ.

ಕತೆ ಹೀಗೆ. ಯೋಹಾನ್ನಾ ಎಂಬ ದುಡಿಯುವ ಹುಡುಗಿ, ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ. ರಿಸ್ಟೋ ಎಂಬವನು ಅವಳನ್ನು ಮದುವೆಯಾಗುತ್ತಾನೆ. ಅವನ ಕಣ್ಣು ಯಾವುದರ ಮೇಲೆ ಎಂದು ಪ್ರೇಕ್ಷಕರಿಗೆ ಬೇಗನೇ ಗೊತ್ತಾಗುತ್ತದೆ. ಇದಕ್ಕೆ ಮೊದಲು ಅವನು ಹೊಮ್ಸಾಂತು ಎಂಬ ಜಿಪ್ಸಿ ಹುಡುಗಿಗೆ ಮಾತು ಕೊಟ್ಟು ಕೈಬಿಟ್ಟಿರುತ್ತಾನೆ. ಮದುವೆಯ ದಿನದಿಂದ ಯೋಹಾನ್ನಾಳ ಹಣ ಕಾನೂನುಬದ್ಧವಾಗಿ ರಿಸ್ಟೋನ ಕೈಗೆ ಹೋಗುತ್ತದೆ. ಅವನು ಅದನ್ನು ಕುಡಿದು ಮುಗಿಸುತ್ತಾನೆ. ಅವಳು ಕೂಸನ್ನು ಪಕ್ಕದಲ್ಲಿಟ್ಟುಕೊಂಡು ಮಗ್ಗಕ್ಕೆ ಕೂರುತ್ತಾಳೆ. ಬೇರೆಯವರಿಗಾಗಿ ನೇಯ್ದ ಬಟ್ಟೆಯೂ ಅವನ ಕೈಯಿಂದ ಉಳಿಯುವುದಿಲ್ಲ. ನೂಲಿನಿಂದ ಬಟ್ಟೆ, ಬಟ್ಟೆಯಿಂದ ಕಾಸು, ಕಾಸಿನಿಂದ ಸಾರಾಯಿ. ಈ ಸರಪಳಿಯ ಮೊದಲ ಕೊಂಡಿ ಲೇಖಕಿಯ ಅಂಗಡಿಯಲ್ಲೇ ಇತ್ತಲ್ಲವೇ?

ಈ ನಾಟಕದಲ್ಲಿ ನನ್ನನ್ನು ಹೆಚ್ಚು ಕಾಡುವುದು ರಿಸ್ಟೋ ಅಲ್ಲ. ಅವನಂಥವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಸುತ್ತ ಇರುವ ಸಂಭಾವಿತರು ಭಯ ಹುಟ್ಟಿಸುತ್ತಾರೆ. ಗಂಡ ಕುಡಿಯುತ್ತಾನೆಂದರೆ ಹೆಂಡತಿಯಲ್ಲೇ ಏನೋ ಊನವಿರಬೇಕು, ಇನ್ನಷ್ಟು ತಾಳ್ಮೆ ಬೇಕು, ಮಾತು ಮೆತ್ತಗಿರಬೇಕು ಎನ್ನುವವರು. ಅವರಲ್ಲಿ ಹೆಂಗಸರೂ ಇದ್ದಾರೆ. ‘ಹೊಂದಿಕೊಂಡು ಹೋಗಮ್ಮಾ’ ಎಂಬ ನಮ್ಮ ಮಾತು ಫಿನ್ನಿಷ್‌ನಲ್ಲೂ ಅಷ್ಟೇ ಸಲೀಸಾಗಿ ಬರುತ್ತದೆ. ಯೋಹಾನ್ನಾ ಹೊಂದಿಕೊಂಡು, ಹೊಂದಿಕೊಂಡು, ಸತ್ತುಹೋಗುತ್ತಾಳೆ. ಕೊನೆಗೆ ಹೊಮ್ಸಾಂತು ರಿಸ್ಟೋನ ಮೇಲೆ ಗುಂಡು ಹಾರಿಸುತ್ತಾಳೆ, ಗುರಿ ತಪ್ಪುತ್ತದೆ. ಕೈಗೆ ಕೋಳ ಬೀಳುವಾಗ ಅವಳು ನಗುತ್ತ ಹೇಳುವ ಮಾತಿನ ಸಾರ ಇಷ್ಟು: ನಿಮ್ಮ ಕಾನೂನು, ನಿಮ್ಮ ನ್ಯಾಯ, ನಾನು ಗುಂಡು ಹೊಡೆಯಬೇಕಾಗಿದ್ದು ಅವಕ್ಕೇ. ಇವತ್ತಿಗೂ ಫಿನ್ಲೆಂಡಿನಲ್ಲಿ ಇದು ಎಲ್ಲರ ನಾಲಿಗೆಯ ಮೇಲಿರುವ ಮಾತು.

ಬರೆದ ಸಮಯ ನೋಡಿ. ಅದೇ 1885ರಲ್ಲಿ ಫಿನ್ಲೆಂಡಿನ ಶಾಸನಸಭೆ ಸೇರಿತ್ತು. ಶ್ರೀಮಂತರು, ಪಾದ್ರಿಗಳು, ಪಟ್ಟಣಿಗರು, ರೈತರು ಎಂಬ ನಾಲ್ಕು ವರ್ಗಗಳ ಸಭೆ ಅದು, ಹೆಣ್ಣು ಒಬ್ಬಳೂ ಇಲ್ಲ. ಮದುವೆಯಾದ ಹೆಣ್ಣಿನ ಆಸ್ತಿಯ ಹಕ್ಕು ಅಲ್ಲಿ ಚರ್ಚೆಯಲ್ಲಿತ್ತು. ಒಂದು ಕಡೆ ಸಭೆಯಲ್ಲಿ ಕಲಮುಗಳ ಚರ್ಚೆ, ಇನ್ನೊಂದು ಕಡೆ ರಂಗದ ಮೇಲೆ ಯೋಹಾನ್ನಾ. ನಾಟಕ ಧರ್ಮಕ್ಕೂ ನೀತಿಗೂ ವಿರುದ್ಧ ಎಂದು ಗದ್ದಲವಾಯಿತು. ನಾಲ್ಕು ವರ್ಷದ ಮೇಲೆ, 1889ರಲ್ಲಿ, ದುಡಿದು ಗಳಿಸಿದ ಹಣ ಹೆಂಡತಿಯದೇ ಎಂಬ ಕಾನೂನು ಬಂತು. ನಾಟಕದಿಂದಲೇ ಕಾನೂನು ಬಂತು ಎಂದು ಹೇಳಿದರೆ ಅದು ಭಾಷಣಕಾರರ ಅತ್ಯುತ್ಸಾಹ. ಅದಕ್ಕಾಗಿ ದುಡಿದವರು ಬಹಳ ಜನ. ಆದರೆ ಕಾನೂನಿನ ಒಂದು ಕಲಮಿಗೆ ಮುಖ, ಹೆಸರು, ಮಗ್ಗ ಕೊಟ್ಟವರು ಮಿನ್ನಾ.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಹೊಮ್ಸಾಂತು ಪಾತ್ರದಲ್ಲಿ ಜಿಪ್ಸಿ ಎಂದರೆ ಉರಿಯುವ ಕಣ್ಣು, ಕಾಡುತನ, ಹಾಡು ಎಂಬ ಸಿದ್ಧ ಅಚ್ಚು ಕಾಣುತ್ತದೆ. ಯೋಹಾನ್ನಾಳನ್ನು ಅಂಗಡಿಯ ಕೌಂಟರಿನಿಂದ ಕಂಡ ಲೇಖಕಿ ಹೊಮ್ಸಾಂತುವನ್ನು ಅಷ್ಟು ಹತ್ತಿರದಿಂದ ಕಂಡಿರಲಾರರು. ಆದರೂ ನಾಟಕದ ಕೊನೆಯ ಮಾತನ್ನು ಅವಳ ಬಾಯಲ್ಲಿ ಇಟ್ಟರು.

ಮುಂದಿನ ವರ್ಷಗಳು ಬರವಣಿಗೆಯ ಭರ್ಜರಿ ಕಾಲ. 1886ರ ‘ಬಡ ಜನ’ ನೀಳ್ಗತೆಯಲ್ಲಿ ಕೆಲಸವಿಲ್ಲದ ಕುಟುಂಬ, ಸಾಯುವ ಮಗು, ಬುದ್ಧಿ ಕಳೆದುಕೊಳ್ಳುವ ತಾಯಿ. ‘ಕೌಪ್ಪಾ-ಲೊಪೊ’ ಎಂಬ ಕತೆಯ ನಾಯಕಿ ಕುಡಿಯುವ, ಕದಿಯುವ, ಕೊಳಕು ಬಟ್ಟೆಯ ಸಂತೆ ವ್ಯಾಪಾರದವಳು. ಓದುಗರು ಮೂಗು ಮುಚ್ಚಿಕೊಳ್ಳುವಂಥ ಹೆಂಗಸನ್ನು ನಾಯಕಿ ಮಾಡಿ, ಗೌರವಸ್ಥರಿಗಿಂತ ದೊಡ್ಡ ಹೃದಯ ಅವಳಿಗೆ ಕೊಟ್ಟರು. 1888ರ ನವೆಂಬರಿನಲ್ಲಿ ‘ದುರದೃಷ್ಟದ ಮಕ್ಕಳು’ ನಾಟಕ ಬಂತು. ಹಸಿದ ರೈಲುರಸ್ತೆ ಕೂಲಿಗಳು, ಅವರ ಸಿಟ್ಟು, ಕಳ್ಳತನ, ಕೊಲೆ. ಒಂದೇ ಪ್ರದರ್ಶನ. ಮರುದಿನಕ್ಕೆ ನಾಟಕಶಾಲೆಯ ಆಡಳಿತ ಮಂಡಳಿ ತೆರೆ ಎಳೆಯಿತು. ಹೆಣ್ಣಿನ ಕಣ್ಣೀರನ್ನು ಒಲ್ಲದ ಮನಸ್ಸಿನಿಂದಲಾದರೂ ಸಹಿಸಿಕೊಂಡಿದ್ದ ಸಭ್ಯರಿಗೆ ಕೂಲಿಯವರ ಸಿಟ್ಟು ಸಹಿಸಲಾಗಲಿಲ್ಲ.

ಮರುವರ್ಷವೇ ಅವರು ತಮ್ಮದೇ ಪತ್ರಿಕೆ ತೆಗೆದರು: ‘ವಾಪೈತಾ ಆತ್ತೈತಾ’, ಮುಕ್ತ ವಿಚಾರಗಳು ಎಂದು ಅರ್ಥ. ಜೊತೆಗೆ ಸಂಪಾದಕನಾಗಿ ಮ್ಯಾಕೆಲಾ ಎಂಬ ತರುಣ. (ಈತ ಮುಂದೆ ಕೆನಡಾಕ್ಕೆ ಹೋಗಿ, ಒಂದು ದ್ವೀಪದಲ್ಲಿ ಫಿನ್ನಿಷ್ ವಲಸಿಗರು ಕಟ್ಟಿದ ಸಮಾಜವಾದಿ ಊರಿನಲ್ಲಿ ನೆಲೆಸಿದ. ಅದೊಂದು ಬೇರೆಯೇ ಉಪನ್ಯಾಸಕ್ಕೆ ಆಗುವ ಕತೆ.) ಯುರೋಪಿನ ಹೊಸ ವಿಜ್ಞಾನ, ಸಮಾಜ ಚಿಂತನೆ, ಧರ್ಮವಿಮರ್ಶೆಯನ್ನು ಫಿನ್ನಿಷ್ ಓದುಗರಿಗೆ ಅನುವಾದಿಸಿ ಕೊಡುವುದು ಅದರ ಕೆಲಸ. ಸೆನ್ಸಾರಿನವರ ಕಾಟ ಒಂದು ಕಡೆ, ಪಾದ್ರಿಗಳ ಕೋಪ ಇನ್ನೊಂದು ಕಡೆ. 1890ರ ಹೊತ್ತಿಗೆ ಪತ್ರಿಕೆ ನಿಂತಿತು. ಸಂಪಾದಕಿ ಬೀದಿಗೆ ಬೀಳಲಿಲ್ಲ, ಅಂಗಡಿ ಇತ್ತು.

1890ರ ದಶಕದಲ್ಲಿ ಅವರ ದನಿ ಬದಲಾಯಿತು. ಕಾನೂನನ್ನು ಬಿಟ್ಟು ಮನಸ್ಸಿನ ಒಳಗೆ ಹೊಕ್ಕರು, ಟಾಲ್‌ಸ್ಟಾಯ್ ಪ್ರಭಾವ ಕಾಣುತ್ತದೆ. ಅವರ ಕಾವು ಇಳಿಯಿತು ಎನ್ನುವುದು ಸುಲಭ, ನಾನು ಒಪ್ಪುವುದಿಲ್ಲ. 1895ರ ಕೊನೆಯ ದೊಡ್ಡ ನಾಟಕ ‘ಅನ್ನಾ ಲೀಸಾ’ ನೋಡಿ. ಹದಿನೈದರ ವಯಸ್ಸಿನಲ್ಲಿ ಮನೆಯ ಆಳುಮಗನಿಂದ ಬಸಿರಾಗಿ, ಗುಟ್ಟಾಗಿ ಹೆತ್ತು, ಕೂಸನ್ನು ಕೊಂದ ಹುಡುಗಿ. ವರ್ಷಗಳ ಮೇಲೆ ಒಳ್ಳೆಯ ಹುಡುಗನೊಂದಿಗೆ ಮದುವೆ ಗೊತ್ತಾಗಿದೆ. ಆಗ ಆ ಹಳೆಯ ಆಳುಮಗ ಮಿಕ್ಕೊ ಮರದ ವ್ಯಾಪಾರದಲ್ಲಿ ಕಾಸು ಮಾಡಿಕೊಂಡು ಹಿಂತಿರುಗುತ್ತಾನೆ: ನನ್ನನ್ನೇ ಮದುವೆಯಾಗು, ಇಲ್ಲವಾದರೆ ಗುಟ್ಟು ಒಡೆಯುತ್ತೇನೆ. ಗುಟ್ಟನ್ನೇ ಬಂಡವಾಳ ಮಾಡಿಕೊಂಡವನು ಅವನು. ವಿಷಯ ತಿಳಿದ ಹೆತ್ತವರೂ ಮುಚ್ಚಿಡಲು ನೋಡುತ್ತಾರೆ. ಅನ್ನಾ ಲೀಸಾ ನೆರೆದವರೆಲ್ಲರ ಮುಂದೆ ತಾನೇ ಎಲ್ಲವನ್ನೂ ಹೇಳಿ ಅವನ ಬಂಡವಾಳವನ್ನು ಒಂದೇ ಗಳಿಗೆಯಲ್ಲಿ ಸೊನ್ನೆ ಮಾಡುತ್ತಾಳೆ. ಸೆರೆಮನೆಗೆ ಹೋಗುತ್ತಾಳೆ, ನಿಜ. ಆದರೆ ಯಾರ ಕೈವಶವೂ ಆಗಿ ಹೋಗುವುದಿಲ್ಲ. ಇದರಲ್ಲಿ ಕಾವು ಇಳಿದಿದೆಯೇ?

1897ರ ಮೇ 12ರಂದು ಹೃದಯಾಘಾತದಿಂದ ತೀರಿಕೊಂಡರು, 53ನೇ ವಯಸ್ಸಿನಲ್ಲಿ. ಕುವೊಪಿಯೊ, ತಾಂಪೆರೆ, ಯುವಾಸ್ಕುಲಾ ಮೂರೂ ಊರುಗಳಲ್ಲಿ ಈಗ ಅವರ ಪ್ರತಿಮೆಗಳಿವೆ. ಪತ್ರಿಕೆ ಬಿಡಿಸಿದ ಊರಿನಲ್ಲೂ ಇದೆ ಎಂಬುದನ್ನು ಗಮನಿಸಿ. 2007ರಿಂದ ಅವರು ಹುಟ್ಟಿದ ಮಾರ್ಚ್ 19 ಅಲ್ಲಿ ಸಮಾನತೆಯ ದಿನ, ಅಂದು ದೇಶದಾದ್ಯಂತ ಬಾವುಟ ಹಾರಿಸುತ್ತಾರೆ. ಒಬ್ಬ ಮಹಿಳೆಯ ಹೆಸರಿನಲ್ಲಿ ಹೀಗೆ ಬಾವುಟ ಏರಿದ್ದು ಅಲ್ಲಿ ಅದೇ ಮೊದಲು.

ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಮೇಡಂ, ಫಿನ್ಲೆಂಡಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಹಳ ಬೇಗ ಬಂತಲ್ಲ? ಹಾಗಾದರೆ ಇವರು ಬರೆದ ಸಮಸ್ಯೆ ಬೇಗ ಮುಗಿದಿರಬೇಕಲ್ಲವೇ?” ಒಳ್ಳೆಯ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಹೌದು, ಬೇಗ ಬಂತು. 1906ರಲ್ಲಿ ಫಿನ್ಲೆಂಡಿನ ಹೆಂಗಸರಿಗೆ ಮತ ಹಾಕುವ ಹಕ್ಕು, ಚುನಾವಣೆಗೆ ನಿಲ್ಲುವ ಹಕ್ಕು ಎರಡೂ ಒಟ್ಟಿಗೆ ಸಿಕ್ಕವು. 1907ರ ಮಾರ್ಚ್ ಚುನಾವಣೆಯಲ್ಲಿ 200 ಸ್ಥಾನಗಳಲ್ಲಿ 19 ಮಹಿಳೆಯರು ಗೆದ್ದರು. ಸಂಸತ್ತಿಗೆ ಮಹಿಳೆಯರು ಆಯ್ಕೆಯಾದದ್ದು ಜಗತ್ತಿನಲ್ಲೇ ಅದು ಮೊದಲು. ಆದರೆ ಗಂಡನ ಪಾಲಕತ್ವ? 1889ರ ಕಾನೂನು ಹೆಂಡತಿಯ ದುಡಿಮೆಯ ಹಣವನ್ನು ಮಾತ್ರ ಬಿಡಿಸಿತ್ತು, ಪಾಲಕ ಗಂಡನೇ ಆಗಿ ಉಳಿದಿದ್ದ. ಆ ಪಾಲಕತ್ವ ರದ್ದಾದದ್ದು 1929ರ ವಿವಾಹ ಕಾನೂನಿನಲ್ಲಿ, ಜಾರಿಗೆ ಬಂದದ್ದು 1930ರ ಜನವರಿ 1ರಿಂದ. ನಡುವಿನ ಆ 23 ವರ್ಷ ಎಂಥ ವಿಚಿತ್ರ ನೋಡಿ. ಮೊದಲ ಸಂಸತ್ತಿನಲ್ಲೇ ಹನ್ನೆಸ್ ಗೆಬ್ಹಾರ್ಡ್, ಹೆದ್ವಿಗ್ ಗೆಬ್ಹಾರ್ಡ್ ಎಂಬ ದಂಪತಿ ಇಬ್ಬರೂ ಸದಸ್ಯರಾಗಿದ್ದರು. ಸದನದಲ್ಲಿ ಇಬ್ಬರಿಗೂ ಒಂದೊಂದು ಮತ, ಸಮಾನ ಸ್ಥಾನ. ದೇಶದ ಬಜೆಟ್ಟಿಗೆ ಆಕೆ ಕೈ ಎತ್ತಬಹುದಿತ್ತು. ಕಾನೂನಿನ ಪುಸ್ತಕದಲ್ಲಿ ಮಾತ್ರ, ಪಕ್ಕದಲ್ಲಿ ಕೂತ ಗಂಡ ಆಕೆಯ ಪಾಲಕ.